ಅಂಗಳದ ಶಾಲೆ, ಬೀಗ ಹಾಕಿದ ಮನೆ

ಅಂಗನವಾಡಿ ಎಂಬ ಪದ ಇಂದು ಕನ್ನಡದ್ದೇ ಆಗಿಬಿಟ್ಟಿದೆ. ಆ ಹೆಸರು ಕೇಳಿದೊಡನೆ ಗೋಡೆಯ ಮೇಲೆ ಆನೆ, ಗಿಳಿ, ಅಕ್ಷರಮಾಲೆ ಬರೆದ ಒಂದು ಕೋಣೆ, ತಟ್ಟೆ ಹಿಡಿದು ಸಾಲಾಗಿ ಕುಳಿತ ಮಕ್ಕಳು ಕಣ್ಣಮುಂದೆ ಬರುತ್ತಾರೆ. ಆದರೆ ಆ ಹೆಸರು ಹುಟ್ಟಿದ್ದು ಕೋಣೆಯಿಂದಲ್ಲ, ಮನೆಯ ಮುಂದಿನ ಅಂಗಳದಿಂದ. ಮಗು ಶಾಲೆಗೆ ಬಾರದಿದ್ದರೆ ಶಾಲೆಯೇ ಮಗುವಿದ್ದಲ್ಲಿಗೆ ಹೋಗಬೇಕು ಎಂಬ ವಿಚಾರ ಅದರ ಹಿಂದಿದೆ. ಆ ವಿಚಾರ ಕರ್ನಾಟಕಕ್ಕೆ ಕಾಲಿಟ್ಟು ಅರ್ಧ ಶತಮಾನ ಕಳೆದಿದೆ. ಮೂರು ವರ್ಷ ತುಂಬದ ಮಕ್ಕಳ ಮಟ್ಟಿಗೆ ಮಾತ್ರ ಅದು ಇನ್ನೂ ಪೂರ್ತಿ ಈಡೇರಿಲ್ಲ. ಇದಕ್ಕೆ ಕಾರಣವೇನು?

ಮಗುವಿನ ಆರೈಕೆಗೆಂದು ಹೊರಗಿನವರು ಮನೆಗೆ ಬರುವುದು ನಮಗೆ ಹೊಸದೇನಲ್ಲ. ಹಳೆ ಮೈಸೂರು ಸೀಮೆಯಲ್ಲಿ ಬಾಣಂತಿಯ ಮನೆಗೆ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವ ಅಜ್ಜಿ ಬರುತ್ತಿದ್ದಳು. ಬೆಂಗಳೂರಿನ ಅನೇಕ ಮನೆಗಳಿಗೆ ಇಂಥವರು ಇಂದಿಗೂ ಬರುತ್ತಾರೆ. ಕಾಲು ನೀಡಿ ಕುಳಿತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಕೈಕಾಲು ನೀವುತ್ತಾ ಅದರೊಡನೆ ಮಾತನಾಡುತ್ತಲೇ ಇರುವುದು ಆಕೆಯ ಕ್ರಮ. ಚೊಚ್ಚಲ ಬಾಣಂತಿಗೆ ಮಗುವನ್ನು ಎತ್ತಿಕೊಳ್ಳುವ ರೀತಿಯನ್ನು ಕಲಿಸುವವಳೂ ಅವಳೇ. ಕತ್ತು ನಿಲ್ಲುವುದು ತಡವಾಯಿತೆಂದು ಮೊದಲು ಗಮನಿಸುವವಳೂ ಎಷ್ಟೋ ಸಲ ಅವಳೇ. ಒಂದೇ ಬಾಗಿಲು, ನಡುವೆ ಅಂಗಳವಿದ್ದ ವಠಾರಗಳಲ್ಲಿ ನಾಲ್ಕು ಮನೆಯ ಹಿರಿಯರ ಕಣ್ಣು ಒಂದು ಮಗುವಿನ ಮೇಲಿರುತ್ತಿತ್ತು.

ಹೆಸರು ಬಂದದ್ದು ಹೀಗೆ

ಶಿಕ್ಷಣತಜ್ಞೆ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಕರಾವಳಿಯ ಬೋರ್ಡಿ ಎಂಬ ಊರಿನಲ್ಲಿ ಗ್ರಾಮ ಬಾಲಶಿಕ್ಷಣ ಕೇಂದ್ರ ಆರಂಭಿಸಿದರು. ಅವರ ಜೊತೆಗಿದ್ದವರು ಅನುತಾಯಿ ವಾಘ್. ಬಾಲವಾಡಿ ತೆರೆದದ್ದೇನೋ ಸರಿ, ಆದರೆ ಬಡವರ ಮಕ್ಕಳು ಬರಲಿಲ್ಲ. ಆಗ ಶಿಕ್ಷಕಿಯರೇ ಅವರ ಕೇರಿಗೆ ಹೋಗಿ, ಮನೆಗಳ ಮುಂದಿನ ಅಂಗಳದಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಆಡಿಸತೊಡಗಿದರು. ಅಂಗಳದಲ್ಲಿ ನಡೆಯುವ ಬಾಲವಾಡಿಯೇ ಅಂಗನವಾಡಿ ಆಯಿತು. 1957ರಲ್ಲಿ ಈ ಪ್ರಯೋಗ ಹತ್ತಿರದ ಕೋಸಬಾಡದ ಆದಿವಾಸಿಗಳ ನಡುವೆ ಮುಂದುವರಿಯಿತು. ಅಂಗಳದ ಶಾಲೆಗೆ ಇನ್ನೊಂದು ಲಾಭವಿತ್ತು. ಶಿಕ್ಷಕಿ ಮಕ್ಕಳನ್ನು ಆಡಿಸುವುದನ್ನು ಕೆಲಸ ಮಾಡುತ್ತಲೇ ತಾಯಂದಿರೂ ನೋಡುತ್ತಿದ್ದರು.

ಮೋಡಕ್ 1973ರಲ್ಲಿ ತೀರಿಕೊಂಡರು. ಮರುವರ್ಷ ಕೇಂದ್ರ ಸರ್ಕಾರ ಮಕ್ಕಳಿಗಾಗಿ ರಾಷ್ಟ್ರೀಯ ನೀತಿಯೊಂದನ್ನು ಪ್ರಕಟಿಸಿತು. ಅದರ ಫಲವಾಗಿ 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಪ್ರಾಯೋಗಿಕವಾಗಿ ಆರಂಭವಾಯಿತು. ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ, ಅಲ್ಲಿ 100 ಅಂಗನವಾಡಿಗಳು ತೆರೆದವು. ಕಾರ್ಯಕರ್ತೆಗೆ ಆಗ ಸಿಗುತ್ತಿದ್ದ ಗೌರವಧನ ಮೆಟ್ರಿಕ್ ಪಾಸಾಗಿದ್ದರೆ ತಿಂಗಳಿಗೆ 150 ರೂಪಾಯಿ, ಇಲ್ಲದಿದ್ದರೆ 100 ರೂಪಾಯಿ. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ.

ಯೋಜನೆಯಲ್ಲಿ ಆರು ಸೇವೆಗಳಿದ್ದವು: ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಹೆಚ್ಚಿನ ಚಿಕಿತ್ಸೆಗೆ ಕಳುಹಿಸುವುದು, ತಾಯಂದಿರಿಗೆ ಪೌಷ್ಟಿಕತೆ ಮತ್ತು ಆರೋಗ್ಯದ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ. ಇಲ್ಲಿ ಒಂದು ಅಂಶ ಗಮನಾರ್ಹ. ಆಟ, ಹಾಡು, ಕಥೆಗಳಿದ್ದ ಶಾಲಾಪೂರ್ವ ಶಿಕ್ಷಣ ಮೂರರಿಂದ ಆರು ವರ್ಷದ ಮಕ್ಕಳಿಗೆ ಮಾತ್ರ. ಅದಕ್ಕಿಂತ ಚಿಕ್ಕ ಮಗುವಿನ ಪಾಲಿಗೆ ಇದ್ದದ್ದು ಆಹಾರ, ಚುಚ್ಚುಮದ್ದು ಮತ್ತು ತೂಕ. ಕಾರ್ಯಕರ್ತೆ ಮನೆ ಮನೆಗೆ ಹೋಗಬೇಕೆಂಬ ನಿಯಮವೇನೋ ಮೊದಲಿನಿಂದಲೂ ಇತ್ತು. ಆದರೆ ಆಕೆ ಅಲ್ಲಿ ಕೇಳಬೇಕಾಗಿದ್ದ ಪ್ರಶ್ನೆಗಳು ಹಾಲು, ಅನ್ನ, ಭೇದಿ, ಲಸಿಕೆಗೆ ಸಂಬಂಧಿಸಿದವು.

ಇದನ್ನು ತಪ್ಪೆನ್ನಲಾಗದು. ಅಪೌಷ್ಟಿಕತೆ, ದಡಾರ, ವಾಂತಿಭೇದಿಗಳಿಂದ ಮಕ್ಕಳು ಸಾಯುತ್ತಿದ್ದ ಕಾಲದಲ್ಲಿ ಮಗು ಬದುಕುವುದೇ ಮುಖ್ಯವಾಗಿತ್ತು. ತೂಕವನ್ನು ಅಳೆಯಬಹುದು, ರಿಜಿಸ್ಟರಿನಲ್ಲಿ ಬರೆಯಬಹುದು. ತಾಯಿ ಇಂದು ಮಗುವಿನೊಡನೆ ಎಷ್ಟು ಮಾತನಾಡಿದಳು ಎಂಬುದಕ್ಕೆ ರಿಜಿಸ್ಟರಿನಲ್ಲಿ ಕಾಲಂ ಇರಲಿಲ್ಲ. ಎರಡು ವರ್ಷ ತುಂಬುವ ವೇಳೆಗೆ ಮಗುವಿನ ಮೆದುಳು ವಯಸ್ಕರ ಮೆದುಳಿನ ಗಾತ್ರದ ಸುಮಾರು ಶೇ. 80ರಷ್ಟಾಗಿರುತ್ತದೆ. ಅಂಗನವಾಡಿಯ ಚಾಪೆಯ ಮೇಲೆ ಕೂರುವ ಮೊದಲೇ ಅದರ ಬೆಳವಣಿಗೆಯ ಬಹುಪಾಲು ಮನೆಯಲ್ಲಿ ಮುಗಿದಿರುತ್ತದೆ. ಆದ್ದರಿಂದ ಆ ವಯಸ್ಸಿನ ಮಗುವಿಗೆ ಮನೆ ಭೇಟಿಯೇ ಶಾಲೆ.

ದಕ್ಷಿಣ ಬೆಂಗಳೂರಿನ ಪಾಠ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಇದೇ ಪಾಠವನ್ನು ಬೇರೊಂದು ದಾರಿಯಲ್ಲಿ ಕಲಿತವರಿದ್ದಾರೆ. ಜಯನಗರಕ್ಕೆ ಶಂಕುಸ್ಥಾಪನೆಯಾದದ್ದು 1948ರಲ್ಲಿ. ಮುಂದೆ ಬನಶಂಕರಿ, ಜೆ.ಪಿ. ನಗರ ಬಡಾವಣೆಗಳು ಎದ್ದವು. ಬಿಟಿಎಂ ಎಂಬ ಹೆಸರಿನಲ್ಲಿ ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳೇ ಅಡಗಿವೆ. ಅಗಲವಾದ ರಸ್ತೆ, ಸಾಲುಮರಗಳ ಬ್ಲಾಕುಗಳ ಬೆನ್ನಿಗೇ ರಾಗಿಗುಡ್ಡದಂಥ ಕೊಳೆಗೇರಿಗಳೂ ಬೆಳೆದವು. ಹಳೆಯ ಹಳ್ಳಿಗಳ ಓಣಿಗಳಲ್ಲಿ ಒಂದೇ ಕೋಣೆಯ ಬಾಡಿಗೆ ಮನೆಗಳಾದವು. ಅವುಗಳ ಮುಂದೆ ಅಂಗಳವಿಲ್ಲ. ಬಾಗಿಲು ತೆರೆದರೆ ಚರಂಡಿ, ಇಲ್ಲವೇ ದಾರಿ.

ನಿಮ್ಹಾನ್ಸ್ ಮತ್ತು ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗಳು ಇರುವುದೂ ಈ ಭಾಗದಲ್ಲಿಯೇ. ಆದರೆ ನಡೆಯದ, ಮಾತು ಬಾರದ ಮಗುವನ್ನು ಕೂಲಿ ಬಿಟ್ಟು ವಾರವಾರ ಆಸ್ಪತ್ರೆಗೆ ಹೊತ್ತು ತರುವುದು ಎಲ್ಲರಿಗೂ ಸಾಧ್ಯವಿಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಪೋರ್ಟೇಜ್ ಎಂಬ ಸಣ್ಣ ಊರಿನಲ್ಲಿ ಇಂಥದ್ದೇ ತೊಡಕಿಗೆ 1969ರಲ್ಲಿ ಒಂದು ಪರಿಹಾರ ಕಂಡುಕೊಂಡಿದ್ದರು: ವಾರಕ್ಕೊಮ್ಮೆ ಶಿಕ್ಷಕಿ ಮನೆಗೆ ಹೋಗಿ ಒಂದೆರಡು ಪುಟ್ಟ ಕೆಲಸಗಳನ್ನು ತಾಯಿಗೆ ಕಲಿಸುವುದು, ಉಳಿದ ದಿನ ತಾಯಿಯೇ ಮಗುವಿಗೆ ಅದನ್ನು ಮಾಡಿಸುವುದು. 1978ರ ಅಲ್ಮಾ ಆಟಾ ಸಮ್ಮೇಳನದ ನಂತರ ವಿಶ್ವ ಆರೋಗ್ಯ ಸಂಸ್ಥೆಯೂ ಸಮುದಾಯ ಆಧಾರಿತ ಪುನರ್ವಸತಿ ಎಂಬ ಹೆಸರಿನಲ್ಲಿ ಇದೇ ದಾರಿ ಹಿಡಿಯಿತು.

ದಕ್ಷಿಣ ಬೆಂಗಳೂರು ಈ ಚಳವಳಿಯ ಒಂದು ನೆಲೆಯಾಯಿತೆನ್ನಲು ಅಡ್ಡಿಯಿಲ್ಲ. 1990ರಲ್ಲಿ ಆಕ್ಷನ್‌ಏಡ್ ಡಿಸೆಬಿಲಿಟಿ ನ್ಯೂಸ್ ಎಂಬ ಹೆಸರಿನಲ್ಲಿ ಆರಂಭವಾಗಿ, ಮುಂದೆ ಏಷ್ಯಾ ಪೆಸಿಫಿಕ್ ಡಿಸೆಬಿಲಿಟಿ ರಿಹ್ಯಾಬಿಲಿಟೇಷನ್ ಜರ್ನಲ್ ಎನಿಸಿಕೊಂಡ ಪತ್ರಿಕೆಯನ್ನು ಮಾಯಾ ಥಾಮಸ್ ಜಯನಗರದಿಂದ ಸಂಪಾದಿಸುತ್ತಿದ್ದರು. ಸಿಬಿಆರ್ ನೆಟ್‌ವರ್ಕ್ ಎಂಬ ಸಂಸ್ಥೆ ಬನಶಂಕರಿಯಿಂದ ಕೆಲಸ ಮಾಡಿತು. 1994ರಲ್ಲಿ ಸ್ಥಾಪನೆಯಾದ ಮೊಬಿಲಿಟಿ ಇಂಡಿಯಾ ಜೆ.ಪಿ. ನಗರದಲ್ಲಿ ಕೃತಕ ಅಂಗ, ಊರುಗೋಲುಗಳ ತಯಾರಿಕೆಗೆ ನಿಲ್ಲದೆ ನಗರದ ಕೊಳೆಗೇರಿಗಳ ಮನೆಗಳಿಗೂ ತನ್ನ ಕಾರ್ಯಕರ್ತರನ್ನು ಕಳುಹಿಸಿತು.

ಇಂಥ ಭೇಟಿಯಲ್ಲಿ ನಡೆಯುವುದೇನು? ಮನೆಗೆ ಬಂದವರು ಮಗುವನ್ನು ತಾವೇ ಎತ್ತಿಕೊಂಡು ವ್ಯಾಯಾಮ ಮಾಡಿಸಿ ಹೊರಟುಬಿಡುವುದಿಲ್ಲ. ಹಾಗೆ ಮಾಡಿದರೆ ವಾರಕ್ಕೆ ಒಂದು ಗಂಟೆಯ ಕೆಲಸವಷ್ಟೇ ಆಗುತ್ತದೆ. ಮಗುವನ್ನು ಗೋಡೆಯ ಮೂಲೆಗೆ ಒರಗಿಸಿ ಕೂರಿಸುವುದು ಹೇಗೆ, ಊಟ ಮಾಡಿಸುವಾಗ ಅದರ ಮುಖ ನೋಡಿ ಮಾತನಾಡುವುದೇಕೆ, ಅದು ಸದ್ದು ಮಾಡಿದಾಗ ಮರುಸದ್ದು ಕೊಡುವುದೇಕೆ ಎಂಬುದನ್ನು ತಾಯಿಯ ಕೈಯಲ್ಲೇ ಮಾಡಿಸಿ ತೋರಿಸಬೇಕು. ಅಡುಗೆಮನೆಯ ಲೋಟ, ಖಾಲಿ ಡಬ್ಬಿ, ಹಳೆಯ ಸೀರೆ ಇವೇ ಸಾಧನಗಳು. ಮನೆಗೆ ಬಂದವರು ಮಾಡಿದ್ದಕ್ಕಿಂತ ಅವರು ಹೋದ ಮೇಲೆ ಮನೆಯವರು ಮಾಡುವುದೇ ಹೆಚ್ಚಿನದು.

ಜಮೈಕಾದ ಆಟಿಕೆ

ಅಂಗವೈಕಲ್ಯವಿರುವ ಮಕ್ಕಳಿಗೆ ಒಗ್ಗಿದ ಈ ಕ್ರಮ ಬಡತನದಿಂದ ಬೆಳವಣಿಗೆ ಕುಂಠಿತವಾದ ಮಕ್ಕಳಿಗೂ ಒಗ್ಗೀತೆ? ಕೆರಿಬಿಯನ್ ದ್ವೀಪ ಜಮೈಕಾದಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಎಂಬ ವೈದ್ಯೆ 1986–87ರಲ್ಲಿ ಇದನ್ನು ಪರೀಕ್ಷಿಸಲು ಹೊರಟರು. ರಾಜಧಾನಿ ಕಿಂಗ್‌ಸ್ಟನ್ನಿನ ಬಡಕೇರಿಗಳಿಂದ ವಯಸ್ಸಿಗೆ ತಕ್ಕ ಎತ್ತರ ಬೆಳೆಯದ 129 ಮಕ್ಕಳನ್ನು ಆರಿಸಿಕೊಂಡರು. ಅವರನ್ನು ಗುಂಪುಗಳಾಗಿ ವಿಂಗಡಿಸಿ ಕೆಲವರಿಗೆ ಪೌಷ್ಟಿಕ ಆಹಾರ, ಕೆಲವರಿಗೆ ವಾರಕ್ಕೊಂದು ಗಂಟೆ ಮನೆ ಭೇಟಿ, ಕೆಲವರಿಗೆ ಎರಡನ್ನೂ ಎರಡು ವರ್ಷ ಕೊಟ್ಟರು. ಒಂದು ಗುಂಪಿಗೆ ಎರಡೂ ಇರಲಿಲ್ಲ. ಭೇಟಿಗೆ ಹೋದವರು ವೈದ್ಯರಲ್ಲ, ಸಾಮಾನ್ಯ ಆರೋಗ್ಯ ಸಹಾಯಕಿಯರು. ಒಯ್ದದ್ದು ಮನೆಯಲ್ಲೇ ತಯಾರಿಸಿದ ಆಟಿಕೆ, ಚಿತ್ರದ ಪುಸ್ತಕ. ಮಕ್ಕಳು 22 ವರ್ಷದವರಾದಾಗ ಮತ್ತೆ ಹುಡುಕಿ ನೋಡಿದರೆ, ಮನೆ ಭೇಟಿ ಸಿಕ್ಕವರ ಸಂಪಾದನೆ ಸಿಗದವರಿಗಿಂತ ಶೇ. 25ರಷ್ಟು ಹೆಚ್ಚಾಗಿತ್ತು. ಆಹಾರ ಮಾತ್ರ ಪಡೆದವರಲ್ಲಿ ಅಂಥ ದೀರ್ಘಕಾಲದ ಲಾಭ ಉಳಿದಿರಲಿಲ್ಲ. 2014ರಲ್ಲಿ ಪ್ರಕಟವಾದ ಈ ಫಲಿತಾಂಶ ಅರ್ಥಶಾಸ್ತ್ರಜ್ಞರ ಗಮನವನ್ನೂ ಸೆಳೆಯಿತು.

ಜಮೈಕಾ ದೂರದ ಮಾತಾಯಿತೆನ್ನುವವರಿಗೆ ಒಡಿಶಾದ ಕಟಕ್ ನಗರದ ಉದಾಹರಣೆಯಿದೆ. ಅಲ್ಲಿನ 54 ಕೊಳೆಗೇರಿಗಳ 421 ಮಕ್ಕಳನ್ನು ಒಳಗೊಂಡ ಅಧ್ಯಯನದಲ್ಲಿ, ಅರ್ಧದಷ್ಟು ಕೊಳೆಗೇರಿಗಳ ಮಕ್ಕಳಿಗೆ ಒಂದೂವರೆ ವರ್ಷ ಕಾಲ ವಾರವಾರ ಮನೆ ಭೇಟಿ ಮಾಡಲಾಯಿತು. ಹೋದವರು ಸ್ಥಳೀಯ ಮಹಿಳೆಯರೇ. ಉಳಿದ ಮಕ್ಕಳಿಗೆ ಹೋಲಿಸಿದರೆ ಈ ಮಕ್ಕಳ ಗ್ರಹಣಶಕ್ತಿ ಸ್ಪಷ್ಟವಾಗಿ ಉತ್ತಮಗೊಂಡಿತ್ತು.

ಕಾಗದದಿಂದ ಮನೆಯವರೆಗೆ

ಸರ್ಕಾರದ ಮನೆ ಭೇಟಿಯ ಕಾರ್ಯಕ್ರಮಗಳೂ ಕಾಲಕ್ರಮೇಣ ವಿಸ್ತಾರಗೊಂಡವು. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ದಂಪತಿ ಹಳ್ಳಿಯ ಮಹಿಳೆಯರಿಗೆ ತರಬೇತಿ ನೀಡಿ, ಮನೆಯಲ್ಲೇ ನವಜಾತ ಶಿಶುವಿನ ಆರೈಕೆ ಸಾಧ್ಯವೆಂದು 1999ರ ಹೊತ್ತಿಗೆ ತೋರಿಸಿಕೊಟ್ಟಿದ್ದರು. ಅದರ ಆಧಾರದ ಮೇಲೆ 2011ರಿಂದ ಆಶಾ ಕಾರ್ಯಕರ್ತೆಯರು ಹೆರಿಗೆಯಾದ 42 ದಿನಗಳೊಳಗೆ ಆರೇಳು ಬಾರಿ ಮನೆಗೆ ಹೋಗತೊಡಗಿದರು. 2018ರಲ್ಲಿ ಮೂರನೇ ತಿಂಗಳಿನಿಂದ ಹದಿನೈದನೇ ತಿಂಗಳವರೆಗೆ ಇನ್ನೂ ಐದು ಭೇಟಿಗಳು ಸೇರಿದವು. 2024ರಲ್ಲಿ ಕೇಂದ್ರ ಸರ್ಕಾರ ಮೂರು ವರ್ಷದೊಳಗಿನ ಮಕ್ಕಳಿಗಾಗಿಯೇ ನವಚೇತನ ಎಂಬ ಚೌಕಟ್ಟನ್ನು ಹೊರತಂದಿತು. ಅದರಲ್ಲಿ 36 ತಿಂಗಳಿಗೆ ಹಂಚಿದ 140 ಚಟುವಟಿಕೆಗಳಿವೆ. ಆಟ ಮತ್ತು ಮಾತು ಕೊನೆಗೂ ತೂಕದ ಪಕ್ಕದಲ್ಲಿ ಜಾಗ ಪಡೆದವು. ಅದಕ್ಕೆ 1975ರಿಂದ ಲೆಕ್ಕ ಹಾಕಿದರೆ 49 ವರ್ಷ ಹಿಡಿಯಿತು.

ಇನ್ನು ಇದನ್ನು ಮಾಡುವವರು ಯಾರು? ಅಂಗನವಾಡಿ ಕಾರ್ಯಕರ್ತೆ ಮಕ್ಕಳಿಗೆ ಪಾಠ ಹೇಳಬೇಕು, ಅಡುಗೆಯ ಮೇಲ್ವಿಚಾರಣೆ ನೋಡಬೇಕು, ಸಮೀಕ್ಷೆಗೆ ಓಡಬೇಕು, 2021ರಿಂದ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆ್ಯಪಿಗೂ ವಿವರ ತುಂಬಬೇಕು. ಇಷ್ಟಾದರೂ ಆಕೆಗೆ ಸಿಗುವುದು ಸಂಬಳವಲ್ಲ, ಗೌರವಧನ. ಇವರಿಗೆ ಗ್ರಾಚ್ಯುಟಿಯ ಹಕ್ಕಿದೆಯೆಂದು ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂದದ್ದು 2022ರಲ್ಲಿ. ಮನೆ ಭೇಟಿ ಎಂದರೆ ಇವರಿಗೆ ದಿನದ ಕೆಲಸವೆಲ್ಲ ಮುಗಿದ ಮೇಲೆ ಉಳಿಯುವ ಹೊತ್ತು.

ನಗರದಲ್ಲಿ ಇನ್ನೂ ಒಂದು ತೊಡಕಿದೆ. ಮನೆ ಭೇಟಿಯ ಕಲ್ಪನೆಯಲ್ಲಿ ಹಗಲು ಹೊತ್ತು ತಾಯಿ ಮನೆಯಲ್ಲಿರುತ್ತಾಳೆ. ಜಯನಗರದ ಬ್ಲಾಕುಗಳಲ್ಲಿ, ಬಿಟಿಎಂನ ಅಪಾರ್ಟ್‌ಮೆಂಟುಗಳಲ್ಲಿ ಪಾತ್ರೆ ತೊಳೆದು, ಬೇರೆಯವರ ಮಗುವನ್ನು ಆಡಿಸುವ ಹೆಂಗಸು ಬೆಳಕು ಹರಿಯುವ ಮೊದಲೇ ಮನೆ ಬಿಟ್ಟಿರುತ್ತಾಳೆ. ಗಾರ್ಮೆಂಟ್ ಕಾರ್ಖಾನೆಗೆ ಹೋಗುವವಳೂ ಅಷ್ಟೇ. ಆಕೆಯ ಮಗು ಅಜ್ಜಿಯ ಬಳಿಯೋ, ಪಕ್ಕದ ಮನೆಯಲ್ಲೋ, ಶಾಲೆ ಬಿಟ್ಟ ಅಕ್ಕನ ಕಂಕುಳಲ್ಲೋ ಇರುತ್ತದೆ. ಕಾರ್ಯಕರ್ತೆ ಬಂದಾಗ ಬಾಗಿಲಿಗೆ ಬೀಗ. ರಿಜಿಸ್ಟರಿನಲ್ಲಿ ಅದು ತಾಯಿ ಸಿಗದ ಮನೆ. ಭೇಟಿ ಎಲ್ಲಕ್ಕಿಂತ ಹೆಚ್ಚು ಬೇಕಾದ ಮಗು ಭೇಟಿಯಿಂದಲೇ ತಪ್ಪಿಹೋಗುತ್ತದೆ. ಹಳ್ಳಿಗಳಲ್ಲಿ ದುಡಿಯುವ ತಾಯಂದಿರ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆಗಳನ್ನು ಆರಂಭಿಸಿತು. ನಗರದ ಈ ತಾಯಂದಿರಿಗೂ ಅಂಥ ಆಸರೆಯ ಅಗತ್ಯವಿದೆ.

ಬೋರ್ಡಿಯಲ್ಲಿ ಮಕ್ಕಳು ಬಾರದಿದ್ದಾಗ ಮೋಡಕ್ ಅವರು ಪೋಷಕರನ್ನು ದೂರಲಿಲ್ಲ. ಶಾಲೆಯ ಜಾಗವನ್ನು ಬದಲಿಸಿದರು. ಇಂದು ಬದಲಾಗಬೇಕಾದದ್ದು ಹೊತ್ತು ಮತ್ತು ವಿಳಾಸ. ಭೇಟಿಯನ್ನು ಭಾನುವಾರಕ್ಕೋ ಸಂಜೆಗೋ ಇಟ್ಟುಕೊಳ್ಳುವುದು, ಅದಕ್ಕೆ ತಕ್ಕ ಸಂಭಾವನೆ ಕೊಡುವುದು, ತಾಯಿ ಇಲ್ಲದಿದ್ದರೆ ಹಗಲೆಲ್ಲ ಮಗುವನ್ನು ನೋಡಿಕೊಳ್ಳುವ ಅಜ್ಜಿಗೋ ನೆರೆಯಾಕೆಗೋ ಅದೇ ಆಟಗಳನ್ನು ಕಲಿಸುವುದು ಅಸಾಧ್ಯವಾದ ಕೆಲಸಗಳೇನಲ್ಲ. ಅದಾಗುವವರೆಗೆ ನವಚೇತನದ ಆಟಗಳು ಬೀಗ ಹಾಕಿದ ಬಾಗಿಲಿನ ಹೊರಗೇ ಉಳಿಯುತ್ತವೆ.