ಡೆಸ್ಕ್‌ಟಾಪ್ ತಂತ್ರಾಂಶದಲ್ಲಿ ಡೌನ್‌ಲೋಡ್: ಬ್ಲಾಕಿಂಗ್–ಅಸಿಂಕ್ರೊನಸ್ ‘ಸಮಾನತೆ’ಯ ಮರುಪರಿಶೀಲನೆ

ವಿಂಡೊವನ್ನು ಚಿತ್ರಿಸುವ ಮುಖ್ಯ ಥ್ರೆಡ್‌ನಲ್ಲೇ ಡೌನ್‌ಲೋಡ್ ನಡೆಸಬಾರದು ಎಂಬ ಬಗ್ಗೆ ಈಗ ಯಾರಿಗೂ ತಕರಾರಿಲ್ಲ. ಬೈಟುಗಳು ಬರುವ ತನಕ ಕ್ಲಿಕ್ಕಿಗೆ ಉತ್ತರ ಸಿಗದು. ಸುಮಾರು 5 ಸೆಕೆಂಡು ಕಳೆದರೆ ವಿಂಡೋಸ್ ಆ ತಂತ್ರಾಂಶ ಸ್ಪಂದಿಸುತ್ತಿಲ್ಲವೆಂದು ಸಾರಿಬಿಡುತ್ತದೆ. ಪರಿಹಾರಗಳು ಎರಡು: ಬ್ಲಾಕಿಂಗ್ ಕರೆಯನ್ನು ಇನ್ನೊಂದು ಥ್ರೆಡ್‌ಗೆ ವಹಿಸುವುದು, ಇಲ್ಲವೇ ಇವೆಂಟ್ ಲೂಪ್ ಮೇಲೆ ಅಸಿಂಕ್ರೊನಸ್ ಆಗಿ ಇಳಿಸಿಕೊಳ್ಳುವುದು. ಈ ಎರಡು ಬಗೆಯ ರಚನೆಗಳು ಒಂದಕ್ಕೊಂದು ಪ್ರತಿರೂಪವೆಂದು ಲಾವರ್ ಮತ್ತು ನೀಡಮ್ 1978ರಲ್ಲಿ ವಾದಿಸಿದರು. ಬಹುಪಾಲು ಕೆಲಸಗಳಿಗೆ ಥ್ರೆಡ್ ಸಲ್ಲದು ಎಂದು ಔಸ್ಟರ್‌ಹೌಟ್ 1996ರಲ್ಲಿ ಹೇಳಿದರೆ, ಫಾನ್ ಬೆಹ್ರೆನ್, ಕಾಂಡಿಟ್, ಬ್ರೂವರ್ 2003ರಲ್ಲಿ ಸರ್ವರ್‌ಗಳ ಮಟ್ಟಿಗೆ ಥ್ರೆಡ್‌ಗಳನ್ನೇ ಸಮರ್ಥಿಸಿದರು.

ಈ ಸಮಾನತೆ ಡೆಸ್ಕ್‌ಟಾಪ್‌ಗೆ ಪೂರ್ತಿ ಅನ್ವಯಿಸುವುದಿಲ್ಲ ಎಂಬುದು ಪ್ರಸ್ತುತ ಲೇಖನದ ವಾದ. ಸರ್ವರ್‌ನಲ್ಲಿ ಮುಖ್ಯವಾದುದು ಸಾವಿರಾರು ಸಂಪರ್ಕಗಳ ವೇಗ. ಡೆಸ್ಕ್‌ಟಾಪ್‌ನಲ್ಲಿ ಇರುವುದು ಒಂದೆರಡು ಸಂಪರ್ಕ, ಮುಂದೆ ಕುಳಿತ ಒಬ್ಬ ಮನುಷ್ಯ. ಅವನಿಗೆ ಬೇಕಾದದ್ದು ‘ಸಾಕು, ನಿಲ್ಲಿಸು’ ಎನ್ನುವ ಅಧಿಕಾರ.

ಒಂದು ಸಂದರ್ಭವನ್ನು ಗಮನಿಸೋಣ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಅಶೋಕ ಶಾಸನದ ಲಿಪಿಯನ್ನು ಬ್ರಹ್ಮಗಿರಿಯ ಶಾಸನದೊಡನೆ ಹೋಲಿಸಲು ಸಂಶೋಧಕರೊಬ್ಬರು ಎಪಿಗ್ರಾಫಿಯಾ ಕರ್ನಾಟಿಕಾದ 11ನೆಯ ಸಂಪುಟದ ಸ್ಕ್ಯಾನ್ ಪ್ರತಿಯನ್ನು ಇಳಿಸಿಕೊಳ್ಳುತ್ತಿದ್ದಾರೆ. ವಾಡಿಯಿಂದ ಸೇಡಂ ಕಡೆಗೆ ಸಾಗುವ ರೈಲು. ಲ್ಯಾಪ್‌ಟಾಪ್‌ಗೆ ಮೊಬೈಲ್ ಹಾಟ್‌ಸ್ಪಾಟ್. ನಡುದಾರಿಯಲ್ಲಿ ಟವರ್ ಸಂಪರ್ಕ ತಪ್ಪಿದರೂ ಲ್ಯಾಪ್‌ಟಾಪ್ ಮತ್ತು ಮೊಬೈಲ್ ನಡುವಿನ ವೈಫೈ ಹಾಗೇ ಇರುತ್ತದೆ. ಸಂಪರ್ಕ ಮುಗಿಯಿತೆಂಬ ಟಿಸಿಪಿ ಸಂದೇಶ ಬರುವುದೇ ಇಲ್ಲ. ಪೈಥಾನ್‌ನ ‘ರಿಕ್ವೆಸ್ಟ್ಸ್’ ಲೈಬ್ರರಿಗೆ ನಾವಾಗಿ ಹೇಳದ ಹೊರತು ಟೈಮ್‌ಔಟ್ ಇಲ್ಲ. ಆ ಕರೆ ಕಾಯುತ್ತಲೇ ಇರುತ್ತದೆ. ಕೀಪ್‌ಅಲೈವ್ ಚಾಲೂ ಮಾಡಿದ್ದರೂ ಲಿನಕ್ಸ್ ತನ್ನ ಮೂಲ ಹೊಂದಿಕೆಯಂತೆ ಮೊದಲ ತಪಾಸಣೆಗೆ 7200 ಸೆಕೆಂಡು, ಅಂದರೆ ಎರಡು ತಾಸು, ತೆಗೆದುಕೊಳ್ಳುತ್ತದೆ.

ಕರೆಯನ್ನು ಬೇರೆ ಥ್ರೆಡ್‌ಗೆ ಸರಿಸಿದ್ದರೆ ವಿಂಡೊ ಜೀವಂತವಾಗಿರುತ್ತದೆ ನಿಜ. ಆದರೆ ಕಾಯುತ್ತಿರುವ ಥ್ರೆಡ್ಡನ್ನು ಹೊರಗಿನಿಂದ ಸುರಕ್ಷಿತವಾಗಿ ನಿಲ್ಲಿಸುವ ದಾರಿ ಪೈಥಾನ್‌ನಲ್ಲಿಲ್ಲ. ಜಾವಾದಲ್ಲಿದ್ದ ‘ಸ್ಟಾಪ್’ ವಿಧಾನವನ್ನು ಬಳಸಬೇಡಿರೆಂದು 1998ರ 1.2 ಆವೃತ್ತಿಯಲ್ಲೇ ಸೂಚಿಸಲಾಯಿತು: ಲಾಕ್‌ಗಳು ಅರ್ಧಕ್ಕೆ ಬಿಟ್ಟುಹೋಗಿ ದತ್ತಾಂಶ ಕೆಡುತ್ತದೆ. ಅಸಿಂಕ್ರೊನಸ್ ಕಾರ್ಯವಾದರೋ ‘ಅವೇಟ್’ ಇರುವ ಜಾಗದಲ್ಲಿ ಕಾಯಬೇಕಾದಾಗಲೆಲ್ಲ ನಿಯಂತ್ರಣವನ್ನು ಲೂಪ್‌ಗೆ ಮರಳಿಸುತ್ತದೆ. ರದ್ದತಿಯ ಆಜ್ಞೆ ಅದೇ ಜಾಗದಲ್ಲಿ ತಲುಪಿ, ಅರ್ಧ ಕಡತವನ್ನು ಮುಚ್ಚಿ ಹೊರಬರಲು ಅವಕಾಶ ಸಿಗುತ್ತದೆ. ಪ್ರತಿರೂಪವೆನಿಸಿದ ಎರಡು ಕ್ರಮಗಳು ಕವಲೊಡೆಯುವುದು ಇಲ್ಲಿ, ರದ್ದತಿಯಲ್ಲಿ.

ಈ ಮಾತಿಗೆ ಮಿತಿಗಳಿವೆ. ಮೊದಲನೆಯದಾಗಿ, ಚಿಕ್ಕ ಟೈಮ್‌ಔಟ್ ಇಟ್ಟು ಪ್ರತಿ ಸುತ್ತಿನಲ್ಲೂ ‘ನಿಲ್ಲಿಸಬೇಕೇ’ ಎಂದು ಪರೀಕ್ಷಿಸುವ ಥ್ರೆಡ್ ಬಹುಮಟ್ಟಿಗೆ ಇದೇ ಫಲ ಕೊಡುತ್ತದೆ. ಎರಡನೆಯದಾಗಿ, ಅಸಿಂಕ್ರೊನಸ್ ಆದಮಾತ್ರಕ್ಕೆ ಕಡಿದ ಸಂಪರ್ಕ ಪತ್ತೆಯಾಗದು. ಡೆಸ್ಕ್‌ಟಾಪ್ ತಂತ್ರಾಂಶ ಕಟ್ಟಲು ಬಳಸುವ ‘ಕ್ಯೂಟಿ’ ಚೌಕಟ್ಟಿನಲ್ಲಿ ವರ್ಗಾವಣೆಯ ಟೈಮ್‌ಔಟ್ ಬಂದದ್ದೇ 2020ರ 5.15 ಆವೃತ್ತಿಯಲ್ಲಿ. ಮೂರನೆಯದು ಹೆಚ್ಚು ಗಂಭೀರ. ಸರ್ವರ್‌ನ ಹೆಸರಿನಿಂದ ವಿಳಾಸ ಹುಡುಕುವ ಹಂತದಲ್ಲಿ ಪೈಥಾನ್‌ನ ‘ಅಸಿಂಕ್‌ಐಒ’ ಕೂಡ ಒಳಗೊಳಗೆ ಬ್ಲಾಕಿಂಗ್ ಕರೆಯನ್ನೇ ಒಂದು ಥ್ರೆಡ್‌ಗೆ ಒಪ್ಪಿಸುತ್ತದೆ. ರದ್ದುಮಾಡಿದರೆ ನಾವು ಕಾಯುವುದು ನಿಲ್ಲುತ್ತದೆ, ಆ ಥ್ರೆಡ್ ಕಾಯುವುದು ನಿಲ್ಲದು. ಹಾಗಾಗಿ ನನ್ನ ವಾದ ಸಂಪರ್ಕ ಏರ್ಪಟ್ಟ ನಂತರದ ಹಂತಕ್ಕೆ ಸೀಮಿತ.

ಹೆಸರು ಹುಡುಕಾಟವನ್ನೂ ಎಲ್ಲ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಏಕರೀತಿಯಾಗಿ ರದ್ದುಮಾಡುವುದು ಹೇಗೆಂಬ ಪ್ರಶ್ನೆ ಬಾಕಿ ಉಳಿದಿದೆ. ನಿಂತಲ್ಲಿಂದ ಮುಂದುವರಿಸಲು ಎಚ್‌ಟಿಟಿಪಿಯ ‘ರೇಂಜ್’ ಕೋರಿಕೆ ಇದೆಯಾದರೂ ಅದನ್ನು ಮನ್ನಿಸುವುದು ಸರ್ವರ್‌ಗೆ ಕಡ್ಡಾಯವಲ್ಲ. ಅದು ಪ್ರತ್ಯೇಕ ಅಧ್ಯಯನದ ವಿಷಯ. ಕನ್ನಡದ ಓದುಗರಿಗಾಗಿ ತಂತ್ರಾಂಶ ಕಟ್ಟುವವರಲ್ಲಿ ಒಂದು ವಿನಂತಿ: ಥ್ರೆಡ್ಡೋ ಇವೆಂಟ್ ಲೂಪೋ ಎಂದು ತೀರ್ಮಾನಿಸುವ ಮುನ್ನ ಟೈಮ್‌ಔಟ್ ಎಷ್ಟೆಂದು ಬರೆಯಿರಿ, ‘ನಿಲ್ಲಿಸು’ ಬಟನ್ ಒತ್ತಿದಾಗ ನಿಜಕ್ಕೂ ಏನು ನಿಲ್ಲುತ್ತದೆ ಎಂದು ಪರೀಕ್ಷಿಸಿರಿ.