ತಂತಿ ಸುತ್ತಿದ ಪೈನ್, ತಿದ್ದಲಾಗದ ತೆಂಗು

ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಒಂದು ಜನವರಿಯಲ್ಲಿ ತಿಪಟೂರಿನಿಂದ ರೈಲು ಹತ್ತಿಸಿ ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದರು. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ. ಗಾಜಿನಮನೆಯ ನೂಕುನುಗ್ಗಲಿನಿಂದ ಹೊರಬಿದ್ದ ಮೇಲೆ ಬೋನ್ಸಾಯ್ ಇಟ್ಟಿದ್ದ ಮೇಜುಗಳ ಹತ್ತಿರ ನಿಂತೆವು. ಮೊಳದುದ್ದದ ಆಲದ ಮರ, ಬಿಳಲು ಬಿಟ್ಟು ನಿಂತಿತ್ತು. ಅಪ್ಪ ಬಹಳ ಹೊತ್ತು ಅದನ್ನೇ ನೋಡಿ, "ಹೊಟ್ಟೆಗೆ ಹಾಕ್ದೆ ಸಾಕವ್ರೆ ಕಣೋ ಇದನ್ನ" ಎಂದರು. ಮುಂದಿನ ಮೇಜಿಗೆ ಬರಲೇ ಇಲ್ಲ.

ತೆಂಗಿನ ಸೀಮೆಯ ರೈತನ ಕಣ್ಣಿಗೆ ಅದು ಹಾಗೆ ಕಂಡದ್ದು ಸಹಜ. ನಮ್ಮ ಕಡೆ ಒಳ್ಳೆಯ ಮರ ಎಂದರೆ ಎತ್ತರದ ಮರ. ತಳಿಯ ಹೆಸರೇ ತಿಪಟೂರು ಎತ್ತರ. ನಾನೂ ಬಹಳ ಕಾಲ ಅಪ್ಪನ ಮಾತನ್ನೇ ನಂಬಿಕೊಂಡಿದ್ದೆ. ಇತಿಹಾಸದ ಮೇಷ್ಟ್ರಾಗಿ, ಪಾಠಕ್ಕೆಂದು ಎರಡನೇ ಮಹಾಯುದ್ಧದ ಬಗ್ಗೆ ಓದುತ್ತಿದ್ದಾಗ ಒಂದು ಹಳೆಯ ಪೈನ್ ಮರದ ಕಥೆ ಸಿಕ್ಕಿತು. ಆಮೇಲೆ ಅಪ್ಪನ ಮಾತು ಅರ್ಧ ಮಾತ್ರ ಸರಿ ಎಂದು ತೋರಿತು. ಉಳಿದ ಅರ್ಧ ಅರ್ಥವಾಗಲು ನಮ್ಮ ತೋಟಕ್ಕೇ ವಾಪಸ್ಸು ಬರಬೇಕಾಯಿತು.

ಮೊದಲು ಪೈನ್ ವಿಷಯ. ದಕ್ಷಿಣ ಭಾರತದ ಕಾಡುಗಳಲ್ಲಿ ಪೈನ್ ತಾನಾಗಿ ಬೆಳೆಯುವುದಿಲ್ಲ. ಅಲ್ಲಲ್ಲಿ ಕಾಣುವುದೆಲ್ಲ ನೆಟ್ಟದ್ದು. ಚಿಕ್ಕನಾಯಕನಹಳ್ಳಿಯ ನೆಂಟರ ಮನೆಗೆ ಹೋಗುವ ದಾರಿಯಲ್ಲಿ ಸೂಜಿಯಂಥ ಎಲೆಯ ಮರಗಳ ಸಾಲಿತ್ತು. ಸಿನಿಮಾದ ಕಾಶ್ಮೀರದಲ್ಲಿ ಕಂಡ ಮರ ಅದೇ ಎಂದುಕೊಂಡಿದ್ದೆ. ಅದು ಸರ್ವೆ ಮರ, ಕೆಲವರು ಗಾಳಿಮರ ಎನ್ನುತ್ತಾರೆ. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಕಾರವಾರದ ಕಡಲತೀರದಲ್ಲಿ ನೆಡಲು ಶುರುಮಾಡಿ, ಆಮೇಲೆ ಸೌದೆಗೆಂದು ಒಳನಾಡಿನಲ್ಲೂ ಬೆಳೆಸಿದ ಮರ. ಸೂಜಿಯಂತೆ ಕಾಣುವುದು ಅದರ ಎಲೆಯಲ್ಲ, ಸಣ್ಣ ರೆಂಬೆ. ನಿಜವಾದ ಎಲೆಗಳು ಗಿಣ್ಣುಗಳಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕವು. ನಮ್ಮ ಬಿಸಿಲಿಗೆ ಪೈನ್ ಒಗ್ಗದ ಕಾರಣ, ಪೈನ್‌ನ ಆಕಾರ ಬೇಕೆನ್ನುವ ಬೋನ್ಸಾಯ್ ಆಸಕ್ತರು ಇಲ್ಲಿ ಎಷ್ಟೋ ಸಲ ಸರ್ವೆಯನ್ನೇ ಹಿಡಿಯುತ್ತಾರೆ. ಮೈಸೂರಿನ ನಂಜನಗೂಡು ರಸ್ತೆಯ ಗಣಪತಿ ಸಚ್ಚಿದಾನಂದ ಆಶ್ರಮದಲ್ಲಿ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ವನ ಇದೆ. ಕರ್ನಾಟಕದಲ್ಲಿ ಈ ಕಲೆಯನ್ನು ದೊಡ್ಡ ಪ್ರಮಾಣದಲ್ಲಿ ನೋಡಬೇಕೆನ್ನುವವರು ಅಲ್ಲಿಗೆ ಹೋಗಬಹುದು.

ಬೋನ್ಸಾಯ್ ಎಂದರೆ ತಟ್ಟೆಯಲ್ಲಿ ನೆಟ್ಟದ್ದು ಎಂದಷ್ಟೇ ಅರ್ಥ. ಪದ ಜಪಾನಿನದು, ಕಲೆಯ ಬೇರು ಚೀನಾದ್ದು. ಕ್ರಿ.ಶ. 706ರಲ್ಲಿ ಕಟ್ಟಿದ, ಟಾಂಗ್ ರಾಜವಂಶದ ರಾಜಕುಮಾರ ಝಾಂಗ್‌ಹ್ವಾಯ್‌ನ ಸಮಾಧಿಯ ಗೋಡೆಚಿತ್ರದಲ್ಲಿ ಕಲ್ಲು, ಪುಟ್ಟ ಗಿಡಗಳಿರುವ ತಟ್ಟೆಯನ್ನು ಹಿಡಿದು ನಿಂತ ಪರಿಚಾರಕರಿದ್ದಾರೆ. ಅಲ್ಲಿಂದ ಇದು ಬೌದ್ಧ ಭಿಕ್ಷುಗಳು, ರಾಯಭಾರಿಗಳು, ವ್ಯಾಪಾರಿಗಳ ಜೊತೆ ಜಪಾನಿಗೆ ಹೋಯಿತು. ಎಡೊ ಕಾಲದ ಹೊತ್ತಿಗೆ ಅಲ್ಲಿನ ಆಳುವವರಿಗೂ ಇದರ ಹುಚ್ಚು ಹಿಡಿದಿತ್ತು. ಮೂರನೇ ತೊಕುಗಾವಾ ಶೋಗನ್ ಇಎಮಿತ್ಸುವಿನ ಹೆಸರು ಹೊತ್ತ ಪೈನ್ ಒಂದು ಟೋಕಿಯೋ ಅರಮನೆಯ ಸಂಗ್ರಹದಲ್ಲಿ ಈಗಲೂ ಇದೆ. 1923ರ ಕಾಂಟೊ ಭೂಕಂಪದಲ್ಲಿ ಟೋಕಿಯೋ ಸುಟ್ಟುಹೋದ ಮೇಲೆ ಅಲ್ಲಿನ ಬೋನ್ಸಾಯ್ ಬೆಳೆಗಾರರು ಊರು ಬಿಟ್ಟು ಓಮಿಯಾ ಎಂಬಲ್ಲಿಗೆ ಬಂದು, 1925ರಲ್ಲಿ ತಮ್ಮದೇ ಒಂದು ಹಳ್ಳಿ ಕಟ್ಟಿಕೊಂಡರು. ಅಲ್ಲಿ ಮನೆ ಮಾಡುವವರಿಗೆ ಕಟ್ಟಳೆಗಳಿದ್ದವು: ಕನಿಷ್ಠ ಹತ್ತು ಬೋನ್ಸಾಯ್ ಇರಬೇಕು, ಎರಡಂತಸ್ತಿನ ಮನೆ ಕೂಡದು, ಗೋಡೆ ಬದಲು ಹಸಿರು ಬೇಲಿ ಇರಬೇಕು, ನೋಡಲು ಬಂದವರಿಗೆ ಬಾಗಿಲು ತೆರೆದಿರಬೇಕು.

ಹಳೆಯ ಪೈನ್ ಮರವನ್ನು ತಿದ್ದುವುದು ಹೇಗೆ? ಕೊಂಬೆ ಕತ್ತರಿಸುವುದಕ್ಕಿಂತ ಅದನ್ನು ಬಗ್ಗಿಸುವುದರಲ್ಲಿ ಕೆಲಸ ಹೆಚ್ಚು. ಎಳೆಯ ಪೈನ್‌ನ ಕೊಂಬೆಗಳು ಮೇಲಕ್ಕೆ ಚಾಚುತ್ತವೆ. ಬೆಟ್ಟದ ಮೇಲೆ ನೂರಾರು ವರ್ಷ ಹಿಮದ ಭಾರ ಹೊತ್ತ ಮರದ ಕೊಂಬೆಗಳು ಕೆಳಕ್ಕೆ ಬಾಗಿರುತ್ತವೆ. ಆದ್ದರಿಂದ ಕೊಂಬೆಯನ್ನು ತಗ್ಗಿಸಿದರೆ ಮರಕ್ಕೆ ವಯಸ್ಸು ಬಂದಂತೆ ಕಾಣುತ್ತದೆ. ಇದಕ್ಕೆ ಕಾಯಿಸಿ ಮೆದುವಾಗಿಸಿದ ತಾಮ್ರದ ತಂತಿಯನ್ನು ಕೊಂಬೆಗೆ ಓರೆಯಾಗಿ ಸುತ್ತುತ್ತಾರೆ. ಸುತ್ತುವಾಗ ಮೆತ್ತಗಿದ್ದ ತಾಮ್ರ, ಬಗ್ಗಿಸಿದ ಮೇಲೆ ಗಟ್ಟಿಯಾಗಿ ಕೊಂಬೆಯನ್ನು ಹಿಡಿದಿಡುತ್ತದೆ. ಕೊಂಬೆ ದಪ್ಪವಾಗುತ್ತಾ ತಂತಿ ತೊಗಟೆಯೊಳಕ್ಕೆ ಇಳಿಯುವ ಮೊದಲೇ ಬಿಚ್ಚಬೇಕು. ಮರೆತರೆ ಗಾಯ. ಆದರೂ ಪೈನ್ ವರ್ಷ ವರ್ಷವೂ ದಪ್ಪವಾಗುವ ಮರ. ತಂತಿಯ ಗುರುತನ್ನು ಹತ್ತಾರು ವರ್ಷದಲ್ಲಿ ತಾನೇ ಮುಚ್ಚಿಕೊಂಡುಬಿಡುತ್ತದೆ.

ಸೂಜಿಗಳನ್ನು ಚಿಕ್ಕದಾಗಿಸಲು ಇನ್ನೊಂದು ಉಪಾಯ. ಕಪ್ಪು ಪೈನ್‌ನಲ್ಲಿ ವಸಂತದ ಚಿಗುರನ್ನು ಬೇಸಿಗೆಯ ಮೊದಲಲ್ಲಿ ಪೂರ್ತಿ ಕತ್ತರಿಸಿದರೆ ಮರ ಅದೇ ವರ್ಷ ಎರಡನೇ ಸಲ ಚಿಗುರುತ್ತದೆ, ಆ ಚಿಗುರಿನ ಸೂಜಿಗಳು ಗಿಡ್ಡವಾಗಿರುತ್ತವೆ. ಮರ ಗಟ್ಟಿಮುಟ್ಟಾಗಿದ್ದರೆ ಮಾತ್ರ ಇದನ್ನು ಮಾಡಬಹುದು. ಒಂದು ಕೊಂಬೆಯ ಸೂಜಿಗಳನ್ನೆಲ್ಲ ಬೋಳಿಸಿದರೆ ಆ ಕೊಂಬೆ ಸಾಮಾನ್ಯವಾಗಿ ಮತ್ತೆ ಚಿಗುರುವುದಿಲ್ಲ. ತಟ್ಟೆಯ ಮಣ್ಣು ಬದಲಿಸುವಾಗ ಹಳೆಯ ಮರದ ಬೇರುಗಳನ್ನೆಲ್ಲ ಒಂದೇ ಸಲ ಕೆದಕುವುದಿಲ್ಲ. ಬೇರಿನ ಜೊತೆ ಬದುಕುವ ಬಿಳಿ ಶಿಲೀಂಧ್ರವಿರುವ ಹಳೆಯ ಮಣ್ಣನ್ನು ಸ್ವಲ್ಪ ಉಳಿಸುತ್ತಾರೆ. ಒಣಗಿದ ಕೊಂಬೆಯನ್ನೂ ಎಸೆಯುವುದಿಲ್ಲ. ತೊಗಟೆ ಸುಲಿದು, ಸುಣ್ಣ ಮತ್ತು ಗಂಧಕದ ದ್ರಾವಣ ಬಳಿದು, ಸಿಡಿಲು ಬಡಿದು ಬೆಳ್ಳಗಾದ ಮರದಂತೆ ಉಳಿಸಿಕೊಳ್ಳುತ್ತಾರೆ. ಅಪ್ಪ ಹೇಳಿದ ಹಾಗೆ ಹಸಿದಿಟ್ಟರೆ ಬೋನ್ಸಾಯ್ ಸತ್ತೇಹೋಗುತ್ತದೆ. ಅದನ್ನು ಚಿಕ್ಕದಾಗಿಡುವುದು ಕತ್ತರಿ, ಹಸಿವಲ್ಲ. ಗೊಬ್ಬರ, ನೀರು ಎರಡೂ ಹೊತ್ತಿಗೆ ಸರಿಯಾಗಿ ಬೀಳಬೇಕು.

ಇನ್ನು ನಾನು ಓದಿದ ಮರಕ್ಕೆ ಬರುತ್ತೇನೆ. ಅಮೆರಿಕದ ವಾಷಿಂಗ್ಟನ್‌ನಲ್ಲಿರುವ ರಾಷ್ಟ್ರೀಯ ಬೋನ್ಸಾಯ್ ಸಂಗ್ರಹಾಲಯದಲ್ಲಿ ಒಂದು ಬಿಳಿ ಪೈನ್ ಇದೆ. ಗಿಡ್ಡ ದಪ್ಪ ಕಾಂಡ, ಅಣಬೆಯ ಹಾಗೆ ಹರಡಿದ ತಲೆ. ನಾನು ಕಂಡಿರುವುದು ಚಿತ್ರದಲ್ಲಿ ಮಾತ್ರ. 1625ರಿಂದ ಅದನ್ನು ಬೋನ್ಸಾಯ್ ಆಗಿ ಬೆಳೆಸಲಾಗಿದೆ ಎಂದು ದಾಖಲೆ. ಆ ವರ್ಷ ದೆಹಲಿಯನ್ನು ಜಹಾಂಗೀರ್ ಆಳುತ್ತಿದ್ದ. ಶ್ರೀರಂಗಪಟ್ಟಣದಲ್ಲಿ ರಾಜ ಒಡೆಯರ ಮೊಮ್ಮಗ ಚಾಮರಾಜ ಒಡೆಯರಿದ್ದರು. ಅಮೆರಿಕ ಎಂಬ ದೇಶ ಇನ್ನೂ ಹುಟ್ಟಿರಲಿಲ್ಲ. ಆ ದೇಶದ ಸ್ವಾತಂತ್ರ್ಯಕ್ಕೆ ಇನ್ನೂರು ವರ್ಷ ತುಂಬಿದ 1976ರ ಸಂದರ್ಭಕ್ಕೆ ಜಪಾನ್ 53 ಬೋನ್ಸಾಯ್‌ಗಳನ್ನು ಉಡುಗೊರೆ ಕೊಟ್ಟಿತು. ಅವುಗಳಲ್ಲಿ ಈ ಪೈನ್ ಒಂದು. ಕೊಟ್ಟವರು ಬೋನ್ಸಾಯ್ ಪರಿಣತ ಮಸಾರು ಯಮಾಕಿ.

ಇಪ್ಪತ್ತೈದು ವರ್ಷ ಆ ಮರ ಅಲ್ಲಿ ಒಂದು ಸುಂದರವಾದ ಹಳೆಯ ಮರವಾಗಿಯೇ ಇತ್ತು. 2001ರಲ್ಲಿ ಯಮಾಕಿಯವರ ಇಬ್ಬರು ಮೊಮ್ಮಕ್ಕಳು ಅಜ್ಜನ ಮರ ನೋಡಲು ಬಂದರು. ಆಗ ಹೊರಬಿತ್ತು ಉಳಿದ ಕಥೆ: ಆ ಕುಟುಂಬದ ನರ್ಸರಿ ಇದ್ದದ್ದು ಹಿರೋಷಿಮಾದಲ್ಲಿ. 1945ರ ಆಗಸ್ಟ್ 6ರ ಬೆಳಿಗ್ಗೆ 8.15ಕ್ಕೆ ಬಾಂಬು ಬಿದ್ದ ಜಾಗದಿಂದ ಸುಮಾರು ಮೂರು ಕಿಲೋಮೀಟರ್ ದೂರ. ಮನೆಯ ಗಾಜು ಚೂರಾಗಿ ಒಳಗಿದ್ದವರಿಗೆ ತಗುಲಿತು. ಮರ ಒಂದು ಗೋಡೆಯ ಮರೆಯಲ್ಲಿದ್ದುದರಿಂದ ಉಳಿಯಿತು.

ಇದನ್ನು ಓದಿದಾಗ ನನ್ನ ತಲೆಯಲ್ಲಿ ಉಳಿದದ್ದು ಬಾಂಬಿಗಿಂತ ಮರುದಿನ. ಬೇಸಿಗೆಯಲ್ಲಿ ತಟ್ಟೆಯ ಮರಕ್ಕೆ ಒಂದೆರಡು ದಿನ ನೀರು ತಪ್ಪಿದರೆ ಮುಗಿಯಿತು. ಅದು ಆಗಸ್ಟ್ ತಿಂಗಳು. ಊರಿಗೆ ಊರೇ ಬೂದಿಯಾಗಿದೆ, ಮೈಯಲ್ಲಿ ಗಾಜಿನ ಗಾಯ. 7ನೇ ತಾರೀಖೋ 8ನೇ ತಾರೀಖೋ ಯಾರೋ ಒಬ್ಬರು ಎದ್ದುಹೋಗಿ ಆ ಮರಕ್ಕೆ ನೀರು ಹಾಕಿರಲೇಬೇಕು. ಇಲ್ಲದಿದ್ದರೆ ಇವತ್ತು ಮರ ಇರುತ್ತಿರಲಿಲ್ಲ. ನಾನೂರು ವರ್ಷ ಎಂದರೆ ಒಂದು ಲಕ್ಷ ನಲವತ್ತಾರು ಸಾವಿರ ದಿನ. ಅಷ್ಟೂ ದಿನ ಅದರ ಮೇಲೆ ಯಾರದಾದರೂ ಕಣ್ಣಿತ್ತು. ಬೋನ್ಸಾಯ್‌ನ ವಯಸ್ಸು ಎಂದರೆ ಮರದ ವಯಸ್ಸಷ್ಟೇ ಅಲ್ಲ, ಮಧ್ಯೆ ಕಡಿಯದೆ ಬಂದ ಕೈಗಳ ವಯಸ್ಸೂ ಹೌದು. ತನ್ನ ಊರಿನ ಮೇಲೆ ಬಾಂಬು ಹಾಕಿದ ದೇಶಕ್ಕೇ ಅಜ್ಜ ಮರ ಕೊಟ್ಟ. ಕೊಡುವಾಗ ಆ ಮಾತು ಎತ್ತಲಿಲ್ಲ. ಕಾಂಡದ ಮೇಲೂ ಏನೂ ಬರೆದಿರಲಿಲ್ಲ. ಪೈನ್ ತನ್ನ ಗಾಯವನ್ನು ಮುಚ್ಚಿಕೊಳ್ಳುತ್ತದೆ, ಅದನ್ನು ಬೆಳೆಸಿದವರೂ ಮುಚ್ಚಿಕೊಳ್ಳಬಲ್ಲರು. ಇತಿಹಾಸ ಓದುವವರು ಇದನ್ನು ಗಮನದಲ್ಲಿಡಬೇಕು: ನಯವಾಗಿ ಕಾಣುವ ದಾಖಲೆಯಲ್ಲಿ ಏನು ಕಾಣೆಯಾಗಿದೆ ಎಂದು ಹೇಳಲು ಎಷ್ಟೋ ಸಲ ಮೊಮ್ಮಕ್ಕಳೇ ಬರಬೇಕಾಗುತ್ತದೆ.

ತೆಂಗು ಇದಕ್ಕೆ ಪೂರ್ತಿ ತದ್ವಿರುದ್ಧ. ಅದಕ್ಕೆ ಕೊಂಬೆ ಇಲ್ಲ. ಇರುವುದು ಒಂದೇ ಸುಳಿ. ಸುಳಿ ಹೋದರೆ ಮರ ಹೋಯಿತು. ಪೈನ್‌ನಂತೆ ವರ್ಷ ವರ್ಷ ಕಾಂಡ ದಪ್ಪವಾಗುವುದೂ ಇಲ್ಲ. ಆಯಾ ಎತ್ತರಕ್ಕೆ ಮರ ಬಂದಾಗ ಎಷ್ಟು ದಪ್ಪ ಇತ್ತೋ ಕೊನೆಯವರೆಗೂ ಅಷ್ಟೇ. ಹತ್ತಲು ಕಡಿದ ಮೆಟ್ಟಿಲಿನ ಕಚ್ಚು ಐವತ್ತು ವರ್ಷ ಆದರೂ ಕಚ್ಚೇ. ಬರಗಾಲದಲ್ಲಿ ಬೆಳೆದ ಭಾಗ ಸೊಂಟ ಹಿಡಿದಂತೆ ಸಣ್ಣಗಾಗುತ್ತದೆ, ಗರಿ ಬಿದ್ದ ಗುರುತುಗಳು ಹತ್ತಿರ ಹತ್ತಿರ ಬರುತ್ತವೆ. ಮುಂದೆ ಎಷ್ಟೇ ಒಳ್ಳೆಯ ಮಳೆ ಬಂದರೂ ಆ ಸೊಂಟ ತುಂಬುವುದಿಲ್ಲ. ಆರೋಗ್ಯವಾದ ಮರ ವರ್ಷಕ್ಕೆ ಹನ್ನೆರಡು, ಹೆಚ್ಚೆಂದರೆ ಹದಿನಾಲ್ಕು ಗರಿ ಬಿಡುತ್ತದೆ. ಹಾಗಾಗಿ ಗುರುತುಗಳನ್ನು ಎಣಿಸಿದರೆ ಒಂದು ಕೈಲೆಕ್ಕದ ಕಾಲಗಣನೆ ಸಿಗುತ್ತದೆ. ಅರಳಗುಪ್ಪೆಯ ಕಲ್ಲೇಶ್ವರ ದೇವಸ್ಥಾನದ ಛಾವಣಿಯ ಶಿಲ್ಪವನ್ನು ತೋರಿಸಲು ಮಕ್ಕಳನ್ನು ಕರೆದುಕೊಂಡು ಹೋಗುವಾಗ, ದಾರಿಯ ತೋಟದಲ್ಲಿ ನಿಲ್ಲಿಸಿ ಇದನ್ನೂ ಓದಲು ಹೇಳಿಕೊಡುತ್ತಿದ್ದೆ. ಶಾಸನದಷ್ಟೇ ಗಟ್ಟಿ ದಾಖಲೆ ಎನ್ನುತ್ತಿದ್ದೆ.

ನಮ್ಮದೇ ತೋಟದ ಮರಗಳನ್ನು ಮಾತ್ರ ಓದಿರಲಿಲ್ಲ.

2016-17ರ ಬರದಲ್ಲಿ ನಮ್ಮ ಬೋರ್‌ವೆಲ್ ಬತ್ತಿತು. ನಮ್ಮದು ನಾಲೆಯ ನೀರು ಬರದ ಜಾಗ. ಅಪ್ಪ ಬೆಂಗಳೂರಿಗೆ ಫೋನ್ ಮಾಡಿದರು. ಎರಡು ಎಕರೆಗೂ ಟ್ಯಾಂಕರ್ ನೀರು ಹೊಡೆಸುತ್ತೀನಿ, ಸ್ವಲ್ಪ ದುಡ್ಡು ಬೇಕು ಎಂದರು. ನಾನು ಲೆಕ್ಕ ಹೇಳಿದೆ. "ಅಪ್ಪಾ, ಒಂದು ಟ್ಯಾಂಕರಿನ ದುಡ್ಡಿಗೆ ಎಷ್ಟು ಕೊಬ್ಬರಿ ಬರುತ್ತೆ ನೋಡಿ. ಮನೆ ಹತ್ತಿರದ ಸಾಲಿಗೆ ಹಾಕಿಸಿ ಸಾಕು." ಅವರು ಜಗಳ ಮಾಡಲಿಲ್ಲ. "ಆಯ್ತು ಬಿಡು" ಎಂದು ಫೋನ್ ಇಟ್ಟರು. ಮನೆ ಹತ್ತಿರದ ಎರಡು ಸಾಲಿಗೆ ಮಾತ್ರ ನೀರು ಬಿತ್ತು. ಬೇಲಿ ಕಡೆಯ ಮರಗಳಲ್ಲಿ ಹನ್ನೊಂದು ಸುಳಿ ಬಾಗಿ ಒಣಗಿದವು. ಆ ವಿಷಯ ಅಪ್ಪ ನನ್ನ ಹತ್ತಿರ ಯಾವತ್ತೂ ಎತ್ತಲಿಲ್ಲ.

ಅಪ್ಪ ಹೋಗಿ ಎರಡು ವರ್ಷವಾಯಿತು. ಲೇಔಟ್ ಮಾಡುವವರು ಜಾಗ ಕೇಳಿಕೊಂಡು ಬಂದಾಗ ನೋಡಿ ಹೇಳುತ್ತೇನೆಂದು ತೋಟಕ್ಕೆ ಹೋದೆ. ಬೇಲಿಯ ಕಡೆ ಒಂದು ಮರವನ್ನು ಗಾಳಿಗೆ ಬೀಳುತ್ತದೆಂದು ಕಡಿಸಬೇಕಾಯಿತು. ನೆಲಕ್ಕೆ ಬಿದ್ದ ಮೇಲೆ, ತಲೆಯಲ್ಲಿರುವ ಗರಿಗಳ ಎರಡು ಮೂರು ವರ್ಷ ಬಿಟ್ಟು, ಮೇಲಿನಿಂದ ಕೆಳಕ್ಕೆ ಗುರುತು ಎಣಿಸಿದೆ. ಅರವತ್ತು ದಾಟಿದ ಮೇಲೆ ಸೊಂಟ ಬಂತು. ಒತ್ತೊತ್ತಾಗಿ ಗುರುತುಗಳು, ಒಂದು ಗೇಣಿನಷ್ಟು ಜಾಗ. ಮನೆ ಕಡೆಯ ಸಾಲಿನ ಮರಗಳನ್ನು ತಲೆಯೆತ್ತಿ ನೋಡಿದೆ. ಅವುಗಳಿಗೆ ಸೊಂಟ ಇರಲಿಲ್ಲ. ಬೇಲಿ ಕಡೆ ಬದುಕುಳಿದ ಪ್ರತಿಯೊಂದಕ್ಕೂ ಇತ್ತು. ನನ್ನ ಫೋನಿನ ಮಾತು ಸಾಲು ಹಿಡಿದು ಅಲ್ಲಿ ನಿಂತಿತ್ತು.

ಲೆಕ್ಕದ ದೃಷ್ಟಿಯಿಂದ ನನ್ನದು ತಪ್ಪಿರಲಿಲ್ಲವೇನೋ. ಆ ವರ್ಷ ಟ್ಯಾಂಕರ್ ಹೊಡೆಸಿ ಸಾಲ ಮಾಡಿಕೊಂಡವರನ್ನೂ ಕಂಡಿದ್ದೇನೆ. ಆದರೆ ಅಪ್ಪ ನನ್ನನ್ನು ಕೇಳಿದ್ದು ಈ ವರ್ಷದ ಕೊಬ್ಬರಿಯ ಲೆಕ್ಕವನ್ನಲ್ಲ. ಯಾರದೋ ಕೈಯಿಂದ ತನ್ನ ಕೈಗೆ ಬಂದದ್ದನ್ನು ತನ್ನ ಸರದಿಯಲ್ಲಿ ಕಡಿದುಹೋಗಲು ಬಿಡಬಹುದೇ ಎಂದು ಕೇಳಿದ್ದರು. ಲಾಲ್‌ಬಾಗಿನಲ್ಲಿ ಅವರಿಗೆ ಬೋನ್ಸಾಯ್ ಹಿಡಿಸಲಿಲ್ಲ. ಹಿರೋಷಿಮಾದ ಆ ಮರುದಿನದ ನೀರು ಮಾತ್ರ ಅವರಿಗೆ ತಟ್ಟನೆ ಅರ್ಥವಾಗುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಹೇಳಲು ಅವರಿಲ್ಲ.

ಜಾಗವನ್ನು ಸದ್ಯಕ್ಕೆ ಕೊಟ್ಟಿಲ್ಲ. ಮುಂದೆ ಕೊಡುವುದೇ ಇಲ್ಲ ಎಂದು ಹೇಳುವಷ್ಟು ಧೈರ್ಯವೂ ನನಗಿಲ್ಲ. ಒಣಗಿದ ಹನ್ನೊಂದು ಮರಗಳ ಜಾಗದಲ್ಲಿ ಈ ಮುಂಗಾರಿಗೆ ಹನ್ನೊಂದು ತಿಪಟೂರು ಎತ್ತರ ಸಸಿ ಇಟ್ಟಿದ್ದೇನೆ. ಅವು ಫಲಕ್ಕೆ ಬರಲು ಆರರಿಂದ ಎಂಟು ವರ್ಷ ಬೇಕು. ಮೊದಲ ಎರಡು ಬೇಸಿಗೆ ಅವಕ್ಕೂ ತಟ್ಟೆಯ ಪೈನ್‌ಗೂ ಅಂಥ ವ್ಯತ್ಯಾಸವಿಲ್ಲ, ನೀರು ತಪ್ಪುವ ಹಾಗಿಲ್ಲ. ನಾನು ಎರಡು ವಾರಕ್ಕೊಮ್ಮೆ ಶನಿವಾರ ರೈಲಿಗೆ ಹೋಗುತ್ತೇನೆ. ಉಳಿದ ದಿನ ಪಕ್ಕದ ತೋಟದ ಹುಡುಗನೊಬ್ಬ ಬಿಂದಿಗೆಯಲ್ಲಿ ನೀರು ಹೊತ್ತು ಹಾಕುತ್ತಾನೆ. ಕಳೆದ ವಾರ ಅವನೇ ಫೋನ್ ಮಾಡಿದ್ದ: "ಅಣ್ಣಾ, ಬೇಲಿ ಮೂಲೆದು ಹೊಸ ಗರಿ ಬಿಟ್ಟೈತೆ."