ಟೇಪಿನ ತುಂಡುಗಳಲ್ಲಿ ಮೂಡಿದ ಸಂಗೀತ

ನಾಟಕ ಆರಂಭವಾಗುವ ಮುನ್ನ ಕೇಳಿಬರುವ ಸಂಗೀತಕ್ಕೆ ನಾವು ಅಷ್ಟಾಗಿ ಗಮನ ಕೊಡುವುದಿಲ್ಲ. ಆದರೂ ವಾರವಾರವೂ ಕಿವಿಗೆ ಬಿದ್ದ ಆ ನಾದ ಮನೆಯ ಗಡಿಯಾರದ ಬಡಿತದಷ್ಟೇ ಪರಿಚಿತವಾಗಿಬಿಡುತ್ತದೆ. ಅಂಥವುಗಳಲ್ಲಿ ಬ್ರಿಟನ್ನಿನ 'ಡಾಕ್ಟರ್ ಹೂ' ಎಂಬ ಟೆಲಿವಿಷನ್ ಧಾರಾವಾಹಿಯ ಶೀರ್ಷಿಕೆ ಸಂಗೀತ ಬಹು ಪ್ರಸಿದ್ಧವಾದುದು. ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಸಂಚರಿಸುವ ವಿಚಿತ್ರ ಪುರುಷನೊಬ್ಬನ ಕಥೆ ಅದು. ಮೊದಲ ಕಂತು 1963ರ ನವೆಂಬರ್ 23ರಂದು ಪ್ರಸಾರವಾಯಿತು. ಅಂದು ಕೇಳಿಬಂದ ಸಂಗೀತದಲ್ಲಿ ವಾದ್ಯಗೋಷ್ಠಿ ಇರಲಿಲ್ಲ. ಹಾಗಾದರೆ ಅದನ್ನು ನುಡಿಸಿದವರು ಯಾರು?

ಈ ಕಥೆಯ ಬೇರಿರುವುದು ಬಾನುಲಿಯಲ್ಲಿ. ಕನಸು, ಭ್ರಮೆ, ಭಯ ಇವನ್ನು ಧ್ವನಿಯಿಂದಲೇ ಕಟ್ಟಿಕೊಡಬೇಕಾದ ಬಾನುಲಿ ನಾಟಕಗಳಿಗೆ ರೂಢಿಯ ವಾದ್ಯಗಳು ಸಾಲದಾದುವು. ಹೊಸ ಧ್ವನಿಗಳನ್ನು ತಯಾರಿಸಲೆಂದು ಬಿ.ಬಿ.ಸಿ.ಯು 1958ರಲ್ಲಿ ಲಂಡನ್ನಿನ ಮೇಡಾ ವೇಲ್ ಸ್ಟುಡಿಯೋಗಳಲ್ಲಿ 'ರೇಡಿಯೋಫೋನಿಕ್ ವರ್ಕ್‌ಷಾಪ್' ಎಂಬ ವಿಭಾಗವನ್ನು ತೆರೆಯಿತು. ಅದರ ಸ್ಥಾಪನೆಗೆ ದುಡಿದವರು ಡಾಫ್ನಿ ಓರಮ್ ಮತ್ತು ಡೆಸ್ಮಂಡ್ ಬ್ರಿಸ್ಕೋ. 1962ರಲ್ಲಿ ಡೀಲಿಯಾ ಡರ್ಬಿಶೈರ್ ಎಂಬ ತರುಣಿ ಅಲ್ಲಿಗೆ ಬಂದಳು. 1937ರಲ್ಲಿ ಕವೆಂಟ್ರಿಯಲ್ಲಿ ಹುಟ್ಟಿದ ಆಕೆ ಕೇಂಬ್ರಿಜ್ಜಿನಲ್ಲಿ ಗಣಿತವನ್ನೂ ಸಂಗೀತವನ್ನೂ ಓದಿದವಳು.

ಮಟ್ಟನ್ನು ರಚಿಸಿದವನು ಆಸ್ಟ್ರೇಲಿಯಾದಲ್ಲಿ ಹುಟ್ಟಿದ ರಾನ್ ಗ್ರೇನರ್. ಆತ ಕೊಟ್ಟದ್ದು ಒಂದೇ ಒಂದು ಹಾಳೆ. ಅದರಲ್ಲಿ ಕೆಲವು ಸ್ವರಗಳು. ಜೊತೆಗೆ ಗಾಳಿ, ಗುಳ್ಳೆ, ಮೋಡ ಎಂಬಂಥ ಸೂಚನೆಗಳು. ಮೋಡದ ನಾದ ಹೇಗಿರಬೇಕೆಂಬುದನ್ನು ಕಂಡುಹಿಡಿಯುವ ಭಾರ ಡೀಲಿಯಾಳ ಪಾಲಿಗೆ ಬಂತು.

ಕೀಲಿಮಣೆಯ ಸಿಂಥಸೈಜರುಗಳು ಇನ್ನೂ ಬಳಕೆಗೆ ಬಾರದಿದ್ದ ಕಾಲ ಅದು. ತಂತಿಯೊಂದನ್ನು ಮೀಟಿ, ಆ ಒಂದು ಶಬ್ದವನ್ನು ಟೇಪಿನಲ್ಲಿ ಮುದ್ರಿಸಿ, ಅದರ ವೇಗವನ್ನು ಹೆಚ್ಚುಕಡಮೆ ಮಾಡಿ, ತಗ್ಗಿನ ಸ್ವರಗಳನ್ನೆಲ್ಲ ಪಡೆದರು. ಮೇಲಿನ ಮಟ್ಟಿಗೆ ನೆರವಾದುದು ಯಂತ್ರಗಳ ಪರೀಕ್ಷೆಗೆಂದು ಇಟ್ಟಿದ್ದ ಆಸಿಲೇಟರುಗಳು. ಪ್ರತಿಯೊಂದು ಸ್ವರವನ್ನೂ ಅಳೆದು, ಬ್ಲೇಡಿನಿಂದ ಕತ್ತರಿಸಿ, ಒಂದರ ಮುಂದೊಂದನ್ನು ಅಂಟಿಸಬೇಕು. ಸೆಕೆಂಡಿಗೆ 15 ಅಂಗುಲ ಓಡುವ ಟೇಪಿನಲ್ಲಿ ಅರ್ಧ ಸೆಕೆಂಡಿನ ಸ್ವರವೆಂದರೆ ಏಳೂವರೆ ಅಂಗುಲದ ತುಂಡು! ತಾಳವನ್ನು ಕೈಯಲ್ಲಿ ಹಾಕುವ ಬದಲು ಅಳತೆಪಟ್ಟಿಯಲ್ಲಿ ಹಾಕಿದಂತಾಯಿತು. ಹೀಗೆ ಸಿದ್ಧವಾದ ಬೇರೆ ಬೇರೆ ಟೇಪುಗಳನ್ನು ಬೇರೆ ಬೇರೆ ಯಂತ್ರಗಳಿಗೆ ಏರಿಸಿ, ಒಂದೇ ಕ್ಷಣದಲ್ಲಿ ಚಾಲೂ ಮಾಡಿ, ಒಟ್ಟುಗೂಡಿಸಿದರು. ಎಲ್ಲೋ ಒಂದು ಸ್ವರ ತಪ್ಪಿ ಬಿದ್ದಾಗ ಡೀಲಿಯಾಳೂ ಸಹಾಯಕ ಡಿಕ್ ಮಿಲ್ಸನೂ ಟೇಪುಗಳನ್ನು ಮೇಡಾ ವೇಲಿನ ಉದ್ದನೆಯ ಓಣಿಯಲ್ಲಿ ಹಾಸಿ, ಅಂಟುಗಳನ್ನು ಹೋಲಿಸಿ ನೋಡಿ, ತಪ್ಪನ್ನು ಹಿಡಿದರಂತೆ.

ಸಿದ್ಧವಾದುದನ್ನು ಕೇಳಿ ಗ್ರೇನರ್ ಬೆರಗಾದ. ಇದನ್ನು ಬರೆದವನು ನಾನೇ ಏನು ಎಂದು ಕೇಳಿದನಂತೆ. ಬಹುಪಾಲು ನಿಮ್ಮದೇ ಎಂದು ಆಕೆ ಉತ್ತರ ಕೊಟ್ಟಳಂತೆ. ಕರ್ತೃತ್ವದಲ್ಲಿ ಆಕೆಗೂ ಪಾಲು ಸಲ್ಲಬೇಕೆಂದು ಆತ ಪ್ರಯತ್ನಿಸಿದ. ಆದರೆ ವರ್ಕ್‌ಷಾಪಿನ ಸಿಬ್ಬಂದಿಯ ಹೆಸರನ್ನು ಪ್ರಕಟಿಸಬಾರದೆಂಬುದು ಸಂಸ್ಥೆಯ ಪದ್ಧತಿ. ತೆರೆಯ ಮೇಲೆ ಗ್ರೇನರನ ಹೆಸರೂ ವಿಭಾಗದ ಹೆಸರೂ ಬಂದುವು; ಆಕೆಯದು ಬರಲಿಲ್ಲ. ಗೌರವಧನವೂ ಆಕೆಗೆ ಸೇರಲಿಲ್ಲ.

ಸಣ್ಣಪುಟ್ಟ ಮಾರ್ಪಾಡುಗಳೊಡನೆ ಆ ಮುದ್ರಣವೇ 1980ರವರೆಗೆ ಬಳಕೆಯಲ್ಲಿತ್ತು. ಆ ವರ್ಷ ಪೀಟರ್ ಹೋವೆಲ್ ಅದೇ ಮಟ್ಟನ್ನು ಸಿಂಥಸೈಜರಿನಲ್ಲಿ ಹೊಸದಾಗಿ ಅಳವಡಿಸಿದ. 1989ರಲ್ಲಿ ನಿಂತಿದ್ದ ಧಾರಾವಾಹಿ 2005ರಲ್ಲಿ ಮರಳಿದಾಗ ಮರ್ರೆ ಗೋಲ್ಡ್ ವಾದ್ಯಗೋಷ್ಠಿಯ ನಾದದೊಡನೆ ಡೀಲಿಯಾಳ ಹಳೆಯ ಧ್ವನಿಗಳನ್ನೂ ಬೆರೆಸಿದ. ಅಷ್ಟು ಹೊತ್ತಿಗೆ ವರ್ಕ್‌ಷಾಪ್ 1998ರಲ್ಲಿಯೇ ಮುಚ್ಚಿಹೋಗಿತ್ತು. ಡೀಲಿಯಾ 2001ರಲ್ಲಿ ತೀರಿಕೊಂಡಿದ್ದಳು. ಆಕೆಯ ಮನೆಯ ಅಟ್ಟದಲ್ಲಿ 267 ಟೇಪುಗಳು ಸಿಕ್ಕುವು. ಮುಂದೆ ಅವು ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯವನ್ನು ಸೇರಿದುವು. 2013ರಲ್ಲಿ, ಧಾರಾವಾಹಿಯ ಐವತ್ತನೆಯ ವರ್ಷದ ವಿಶೇಷ ಕಂತಿನಲ್ಲಿ, ಶೀರ್ಷಿಕೆ ಸಂಗೀತಕ್ಕಾಗಿ ಆಕೆಯ ಹೆಸರು ಮೊದಲ ಬಾರಿಗೆ ತೆರೆಯ ಮೇಲೆ ಮೂಡಿತು. ನೋಡಲು ಆಕೆ ಇರಲಿಲ್ಲ.

ಇದು ನಮಗೂ ದೂರದ ಮಾತಲ್ಲ. ದಾಸರ ಪದಗಳಲ್ಲಿ ಅಂಕಿತವಿರುವುದರಿಂದ ಪದ ಯಾರದೆಂದು ಕೂಡಲೆ ತಿಳಿಯುತ್ತದೆ. ಆದರೆ ಇಂದು ನಾವು ಕೇಳಿ ತಲೆದೂಗುವ ಮಟ್ಟನ್ನು ಅದಕ್ಕೆ ಕೂಡಿಸಿದವರು ಎಷ್ಟೋ ವೇಳೆ ಬೇರೆಯವರು, ಅವರಿಗೆ ಅಂಕಿತವಿಲ್ಲ. ಹಾಳೆಯ ಮೇಲಿನ ಸ್ವರ ಕಿವಿಗೆ ಬರಬೇಕಾದರೆ ನಡುವೆ ಯಾರೋ ಕೈ ಸವೆಸಿರುತ್ತಾರೆ. ಪ್ರಸಾರದ ಕೊನೆಯಲ್ಲಿ ಹೆಸರುಗಳನ್ನು ಓದುವಾಗ ಇನ್ನೊಂದು ಹೆಸರನ್ನು ಸೇರಿಸಲು ಹಿಡಿಯುವ ಕಾಲ ಎರಡು ಸೆಕೆಂಡು. ಡೀಲಿಯಾಳಿಗೆ ಅದು ದೊರೆಯಲು ಐವತ್ತು ವರ್ಷ ಹಿಡಿಯಿತು.